ಮಾತ್ರೆಗೂ ಸಾಯದೆ ನಿದ್ದೆ ಹೊಡೆಯುವ ಬ್ಯಾಕ್ಟೀರಿಯಾ

ಹೋದ ವರ್ಷ ನಮ್ಮ ಚಿಕ್ಕಪ್ಪನಿಗೆ ಟಿಬಿ ಬಂತು. ಮಾತ್ರೆ ಶುರು ಮಾಡಿ ಎರಡು ತಿಂಗಳಿಗೆ ಕೆಮ್ಮು ನಿಂತು, ತೂಕ ಏರಿ, ಕಫದ ಟೆಸ್ಟ್ ಕೂಡ ನೆಗೆಟಿವ್ ಬಂತು. ಆದ್ರೂ ಡಾಕ್ಟರ್ ಇನ್ನೂ ನಾಲ್ಕು ತಿಂಗಳು ಮಾತ್ರೆ ನುಂಗಬೇಕು ಅಂದ್ರು. ಹೊಟ್ಟೆ ತೊಳಸಿ ತೊಳಸಿ ಬೇಜಾರಾಗಿದ್ದ ಚಿಕ್ಕಪ್ಪ, "ಇಂಜಿನಿಯರಿಂಗ್ ಓದ್ತಿದ್ದೀಯಲ್ಲೋ, ಹುಳ ಸತ್ತ ಮೇಲೂ ಔಷಧಿ ಯಾಕೆ ಹೇಳು ನೋಡೋಣ?" ಅಂತ ನನ್ನ ಕೇಳಿದ್ರು. "ನಿಲ್ಲಿಸಿದ್ರೆ ರೆಸಿಸ್ಟೆನ್ಸ್ ಬಂದ್ಬಿಡುತ್ತೆ ಚಿಕ್ಕಪ್ಪ" ಅಂದೆ. ಆಮೇಲೆ ಕೂತು ಓದಿದಾಗ ಗೊತ್ತಾಯ್ತು, ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಇಲ್ಲಿದೆ. (ನಾನು ಮೆಕ್ಯಾನಿಕಲ್. ಬಯೋಟೆಕ್‌ನವರು ನಗಬೇಡಿ.)

1944ರಲ್ಲಿ, ಪೆನಿಸಿಲಿನ್ ಇನ್ನೂ ಹೊಸದಾಗಿದ್ದಾಗ, ಡಬ್ಲಿನ್‌ನ ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ಹಾಕಿ ನೋಡಿದರು. ಹೆಚ್ಚುಕಡಿಮೆ ಎಲ್ಲವೂ ಸತ್ತವು. ಆದರೆ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಕೆಲವು ಉಳಿದುಕೊಂಡವು. ಇವು ರೆಸಿಸ್ಟೆಂಟ್ ಆಗಿದ್ದರೆ ಇವುಗಳ ಮಕ್ಕಳು ಮೊಮ್ಮಕ್ಕಳೆಲ್ಲ ಪೆನಿಸಿಲಿನ್‌ಗೆ ಜಗ್ಗಬಾರದು ಅಲ್ವಾ? ಉಳಿದವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಹಾಕಿದರೆ ಮೊದಲಿನ ಥರಾನೇ ಸತ್ತವು, ಮತ್ತೆ ಬೆರಳೆಣಿಕೆಯಷ್ಟು ಉಳಿದವು. ಬಿಗ್ಗರ್ ಇವಕ್ಕೆ 'ಪರ್ಸಿಸ್ಟರ್' ಅಂತ ಹೆಸರಿಟ್ಟರು.

ರೆಸಿಸ್ಟೆನ್ಸ್ ಅಂದ್ರೆ ಜೀನ್‌ನಲ್ಲೇ ಆದ ಬದಲಾವಣೆ. ಅಂಥ ಬ್ಯಾಕ್ಟೀರಿಯಾ ಔಷಧಿಯನ್ನ ಒಡೆದು ಹಾಕುತ್ತೆ, ಇಲ್ಲಾ ಹೊರಗೆ ಪಂಪ್ ಮಾಡುತ್ತೆ, ಔಷಧಿ ಇದ್ದಾಗಲೇ ಬೆಳೆಯುತ್ತೆ. ಪರ್ಸಿಸ್ಟರ್ ಹಾಗೇನೂ ಮಾಡಲ್ಲ, ಸುಮ್ಮನೆ ಮಲಗಿರುತ್ತೆ. ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟುವ ಕೆಲಸವನ್ನ. ಕೆಲಸ ನಡೀತಿರೋ ಸೈಟಿಗೆ ಕಳಪೆ ಸಿಮೆಂಟ್ ಕಳಿಸಿದ್ರೆ ಗೋಡೆ ಬೀಳುತ್ತೆ. ಕೆಲಸವೇ ನಿಂತಿರೋ ಸೈಟಿಗೆ ಕಳಿಸಿದ್ರೆ? ಮೂಟೆ ಹಾಗೇ ಬಿದ್ದಿರುತ್ತೆ.

ಇದನ್ನ ಲಾಗ್ ಸ್ಕೇಲ್ ಗ್ರಾಫಿನಲ್ಲಿ ನೋಡಬೇಕು. ಬದುಕಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಮೊದಲು ಸರ್ರನೆ ನೇರ ಗೆರೆಯಲ್ಲಿ ಇಳಿಯುತ್ತೆ, ಆಮೇಲೆ ಗೆರೆ ಬಾಗಿ ಹೆಚ್ಚುಕಡಿಮೆ ಅಡ್ಡ ಮಲಗುತ್ತೆ. ಲೀನಿಯರ್ ಸ್ಕೇಲ್‌ನಲ್ಲಿ ಪ್ಲಾಟ್ ಮಾಡಿದ್ರೆ ಆ ಬಾಲ ಸೊನ್ನೆ ಥರ ಕಾಣುತ್ತೆ! ಲ್ಯಾಬ್ ರಿಪೋರ್ಟಿನಲ್ಲಿ 'ಸೆನ್ಸಿಟಿವ್' ಅಂತ ಬಂದ ಮೇಲೂ ಕಾಯಿಲೆ ಮರಳಿ ಬರೋದಕ್ಕೆ ಈ ಬಾಲವೂ ಒಂದು ಕಾರಣ.

ಹಾಗಾದ್ರೆ ಔಷಧಿ ಬಂತು ಅಂತ ಇವು ಮಲಗುತ್ತವಾ, ಮೊದಲೇ ಮಲಗಿದ್ದವಾ? 2004ರಲ್ಲಿ ನಥಾಲಿ ಬಲಬಾನ್ ಮತ್ತು ಜೊತೆಯವರು ಇದನ್ನ ಕಣ್ಣಾರೆ ನೋಡಿದರು. ಪಾಲಿಮರ್‌ನಲ್ಲಿ ಬ್ಯಾಕ್ಟೀರಿಯಾದಷ್ಟೇ ಅಗಲದ ಕಾಲುವೆಗಳನ್ನ ಮಾಡಿ, ಅದರಲ್ಲಿ ಇ. ಕೋಲಿಯನ್ನ ಸಾಲಾಗಿ ಬೆಳೆಸಿ, ಮೈಕ್ರೋಸ್ಕೋಪ್ ಕೆಳಗೆ ವಿಡಿಯೋ ಮಾಡಿದರು. ಆಮೇಲೆ ಆಂಪಿಸಿಲಿನ್ ಹಾಕಿ ಯಾವುದು ಉಳಿಯಿತೋ ಅದರ ವಿಡಿಯೋ ಹಿಂದಕ್ಕೆ ಓಡಿಸಿದರೆ, ಅದು ಔಷಧಿ ಬರುವ ಮೊದಲೇ ಬೆಳೆಯದೆ ಸುಮ್ಮನಿತ್ತು. ಫ್ಲೂಯಿಡ್ಸ್ ಲ್ಯಾಬಿನಲ್ಲಿ ತೂಕಡಿಸೋ ನಮ್ಮಂಥವರಿಗೆ ಇದು ಹೊಟ್ಟೆಕಿಚ್ಚು ಬರಿಸೋ ಪ್ರಯೋಗ.

ಯಾವುದು ಮಲಗಬೇಕು ಅನ್ನೋದು ಬಹುಪಾಲು ಲಾಟರಿ. ಅವರು ನೋಡಿದ ಇ. ಕೋಲಿಯಲ್ಲಿ ಹಿಪ್‌ಎ ಅನ್ನೋ ವಿಷದಂಥ ಪ್ರೋಟೀನ್, ಅದನ್ನ ಹಿಡಿದಿಡೋ ಹಿಪ್‌ಬಿ ಎರಡೂ ಇರುತ್ತವೆ. ಪ್ರತಿ ಕೋಶದಲ್ಲೂ ಇವುಗಳ ಪ್ರಮಾಣ ಸ್ವಲ್ಪ ಏರುಪೇರಾಗುತ್ತೆ, ಇಸಿಯವರ ಭಾಷೆಯಲ್ಲಿ ನಾಯ್ಸ್. ವಿಷ ಒಂದು ಮಿತಿ ದಾಟಿದ ಕೋಶ ನಿದ್ದೆಗೆ ಜಾರುತ್ತೆ. ಹಸಿವು ಮತ್ತು ಒತ್ತಡ ಇದ್ದಾಗ ಮಲಗುವವರ ಸಂಖ್ಯೆ ಇನ್ನೂ ಹೆಚ್ಚು. ಹೊಲದ ಕಳೆ ಬೀಜಗಳೆಲ್ಲ ಒಂದೇ ಮಳೆಗೆ ಮೊಳೆಯಲ್ಲ ನೋಡಿ, ಹಾಗೆ.

ಟಿಬಿ ಬ್ಯಾಕ್ಟೀರಿಯಾ ಮೊದಲೇ ನಿಧಾನ. ಇ. ಕೋಲಿ 20 ನಿಮಿಷಕ್ಕೆ ಎರಡಾದರೆ ಇದಕ್ಕೆ ಸುಮಾರು 20 ಗಂಟೆ ಬೇಕು. ಚುರುಕಾಗಿ ಬೆಳೆಯುವವನ್ನ ಐಸೋನಿಯಾಜಿಡ್ ಮೊದಲ ಕೆಲವು ದಿನಗಳಲ್ಲೇ ಮುಗಿಸುತ್ತೆ. ಮಂದಗತಿಯವನ್ನ ಹಿಡಿಯೋಕೆ ರಿಫಾಂಪಿಸಿನ್, ಪೈರಾಜಿನಮೈಡ್ ಬೇಕು. ಇವೆರಡು ಬಂದಿದ್ದಕ್ಕೇ ಒಂದೂವರೆ ವರ್ಷದ ಚಿಕಿತ್ಸೆ ಆರು ತಿಂಗಳಿಗೆ ಇಳಿದಿದ್ದು. ಇನ್ನು ಕಫದ ಟೆಸ್ಟ್ ನೆಗೆಟಿವ್ ಅಂದ್ರೆ ಸೊನ್ನೆ ಅಂತಲ್ಲ. ಒಂದು ಎಂಎಲ್‌ನಲ್ಲಿ ಸಾವಿರಾರು ಇದ್ದರೆ ಮಾತ್ರ ಸ್ಲೈಡಿನಲ್ಲಿ ಕಾಣೋದು. ಕ್ಯಾತೀಟರ್, ಕೃತಕ ಮಂಡಿಗಳ ಮೇಲೆ ಲೋಳೆಪದರ ಕಟ್ಟಿಕೊಂಡು ಕೂರುವ ಬ್ಯಾಕ್ಟೀರಿಯಾಗಳಲ್ಲೂ ಇದೇ ಕಾಟ, ಕೆಲವೊಮ್ಮೆ ಹಾಕಿದ ಮಂಡಿಯನ್ನೇ ತೆಗೆಯಬೇಕಾಗುತ್ತೆ.

ನನ್ನ ಅರ್ಧ ಉತ್ತರ ಪೂರ್ತಿ ತಪ್ಪೇನಲ್ಲ. ಹೀಗೆ ಔಷಧಿಯನ್ನ ತಾಳಿಕೊಂಡು ಉಳಿದವುಗಳಿಂದಲೇ ಮುಂದೆ ರೆಸಿಸ್ಟೆನ್ಸ್ ಹುಟ್ಟೋದು ಸುಲಭ ಅಂತ ಬಲಬಾನ್ ತಂಡವೇ 2017ರಲ್ಲಿ ತೋರಿಸಿತು. ಬಿಗ್ಗರ್‌ಗೆ ಇನ್ನೊಂದು ಐಡಿಯಾ ಇತ್ತು: ಪೆನಿಸಿಲಿನ್ ನಡುವೆ ನಿಲ್ಲಿಸಿ, ಮಲಗಿದವು ಎದ್ದ ಮೇಲೆ ಮತ್ತೆ ಹೊಡೆಯೋದು. ಬುದ್ಧಿವಂತಿಕೆಯೇ, ಆದರೆ ಒಂದೊಂದೂ ಒಂದೊಂದು ಹೊತ್ತಿಗೆ ಏಳುತ್ತೆ. ಅಲಾರ್ಮ್ ಇಟ್ಟವರು ಯಾರು?

ಚಿಕ್ಕಪ್ಪನಿಗೆ ಹಿಪ್‌ಎ ಬಿಟ್ಟು ಕಳೆ ಬೀಜದ ಕಥೆ ಮಾತ್ರ ಹೇಳಿದೆ. "ಅದನ್ನ ಮೊದಲೇ ಹೇಳಬಾರದೇನೋ, ಇನ್ನೊಂದು ಸಲ ಕುಂಟೆ ಹೊಡೀಬೇಕು ಅಷ್ಟೇ ತಾನೆ" ಅಂದ್ರು. ಆರು ತಿಂಗಳೂ ಮಾತ್ರೆ ನುಂಗಿದ್ರು, ಬೈಕೊಂಡೇ.