ಗಾಳಿ ಏರಲು ತಡವಾದರೆ

ಲಾರಿಯ ಏರ್ ಬ್ರೇಕಿಗೆ ಗಾಳಿ ತುಂಬುವುದು ಇಂಜಿನ್ನಿನಿಂದಲೇ ತಿರುಗುವ ಕಂಪ್ರೆಸರ್. ಒತ್ತಡ ಸಾಮಾನ್ಯವಾಗಿ ಸುಮಾರು 8 ಬಾರ್‌ಗೆ ಏರಬೇಕು. ಗೇಜಿನ ಮುಳ್ಳು ತೆವಳಿದರೆ ಕಂಪ್ರೆಸರನ್ನೇ ದೂರುವುದು ರೂಢಿ. ಎಷ್ಟೋ ಸಲ ತಪ್ಪು ಅದರದ್ದಲ್ಲ.

ಮೊದಲು ಸೋರಿಕೆ. ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದಾಗ ಮುಳ್ಳು ಇಳಿಯುತ್ತಲೇ ಹೋದರೆ ಗಾಳಿ ಎಲ್ಲೋ ಸೋರುತ್ತಿದೆ. ಪೈಪಿನ ಜೋಡಣೆಗಳಿಗೆ ಸೋಪುನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಗುಮ್ಮಳಾಪುರ, ತಳಿ, ಹೊಸೂರು ಕಡೆ ಗ್ರಾನೈಟ್ ಹೊರುವ ಲಾರಿಗಳಲ್ಲಿ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡಿರುವುದೂ ಉಂಟು. ಕಂಪ್ರೆಸರ್ ಹೆಡ್ಡಿನಿಂದ ಹೊರಡುವ ಪೈಪಿನಲ್ಲಿ ಸುಟ್ಟ ಆಯಿಲ್ ಮಸಿಯಾಗಿ ಗಟ್ಟಿಯಾಗಿದ್ದರೆ ಪೈಪನ್ನೇ ಬದಲಿಸುವುದು ಮೇಲು. ಗಾಳಿ ಟ್ಯಾಂಕಿನಿಂದ ನೀರಿನ ಜೊತೆ ಆಯಿಲ್ ಹೆಚ್ಚಾಗಿ ಬಂದರೆ ಕಂಪ್ರೆಸರಿನ ಪಿಸ್ಟನ್ ರಿಂಗ್ ಸವೆದಿರಬಹುದು. ಯಾವ ಪೈಪನ್ನೇ ಬಿಚ್ಚಲಿ, ಮೊದಲು ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿ.