ಅಜ್ಜಿಯ ಮಾತನ್ನು ಹಿಡಿದಿಡಲು ಎಂಥ ವಿಡಿಯೋದವರು ಬೇಕು?

ಮುಂಬಯಿ, ಪುಣೆಗಳಲ್ಲಿ ನೆಲಸಿದ ನಮ್ಮ ಅನೇಕ ಮನೆಗಳಲ್ಲಿ ಊರಿನ ಕನ್ನಡವನ್ನು ಊರಿನ ಧಾಟಿಯಲ್ಲೇ ಆಡುವವರು ಅಜ್ಜ-ಅಜ್ಜಿಯರಷ್ಟೇ. ಅವರ ನೆನಪುಗಳನ್ನು ವಿಡಿಯೋದಲ್ಲಿ ಉಳಿಸಿಕೊಳ್ಳುವ ಆಸೆ ಸಹಜವಾದುದೇ. ಆದರೆ ಆ ಕೆಲಸಕ್ಕೆ ಎಂಥವರನ್ನು ಕರೆಯಬೇಕು?

ಅವರು ತೆಗೆದ ಮದುವೆಯ ತುಣುಕುಗಳನ್ನು ನೋಡಿ ಮರುಳಾಗಬೇಡಿರಿ. ಅಲ್ಲಿ ಸಿನಿಮಾ ಹಾಡು ಎಲ್ಲ ಸದ್ದನ್ನೂ ಮುಚ್ಚಿಬಿಡುತ್ತದೆ. ಯಾರಾದರೂ ಕುಳಿತು ಮಾತನಾಡಿದ ಚಿತ್ರವನ್ನು ಹತ್ತು ನಿಮಿಷ ಕೇಳಿ ನೋಡಿರಿ. ಕೊರಳ ಬಳಿ ಸಿಕ್ಕಿಸುವ ಮೈಕು ತರುವರೇ ಎಂದೂ ವಿಚಾರಿಸಿರಿ. ಕ್ಯಾಮೆರಾದೊಳಗಿನ ಮೈಕಿಗೆ ಅಜ್ಜಿಯ ಮಾತೂ ಫ್ಯಾನಿನ ಸದ್ದೂ ಒಂದೇ!

ಇನ್ನು ಸಂಕಲನ. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಕೊನೆಗೆ. ಕನ್ನಡ ಬಾರದವರು, ಅಜ್ಜಿ ಉಸಿರೆಳೆದುಕೊಂಡ ಕಡೆ ಮಾತು ಮುಗಿಯಿತೆಂದು ಕತ್ತರಿಸಿದರೆ ಅರ್ಥವೇ ಕೆಟ್ಟೀತು. ಆದ್ದರಿಂದ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತಿರಲಿ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು ತೆಗೆಸಿದವರದೇ. ಆದರೂ ಕತ್ತರಿಸದ ಮೂಲ ಚಿತ್ರಣವನ್ನೆಲ್ಲ ಕೊಡತಕ್ಕದ್ದೆಂದು ಮುಂಗಡಕ್ಕೆ ಮೊದಲೇ ಬರೆಸಿಕೊಳ್ಳಿರಿ. ಇಂದು ನಾವು ಬೇಡವೆಂದು ಬಿಟ್ಟ ಮಾತನ್ನೇ ನಾಳೆ ಮೊಮ್ಮಕ್ಕಳು ಹುಡುಕಿಯಾರು.