ಕಲ್ಲು ಬಿಟ್ಟು ಬಟ್ಟೆ ಹೊತ್ತೆ

‘ಏನಮ್ಮಾ ಇದು, ಕಲ್ಲು ಹೊತ್ಕೊಂಡು ಮದ್ರಾಸಿಗೆ ಹೋಗ್ತೀಯಾ?’

ಕಳೆದ ಅಕ್ಟೋಬರ್‌ನಲ್ಲಿ ಅಪ್ಪ ಕೇಳಿದ ಈ ಮಾತು ಇನ್ನೂ ಕಿವಿಯಲ್ಲಿದೆ. ನಮ್ಮದು ಮೈಸೂರಿನ ಅಗ್ರಹಾರದ ಹತ್ತಿರ ಒಂದು ಸಣ್ಣ ದಿನಸಿ ಅಂಗಡಿ. ಮನೆಗೂ ಅಂಗಡಿಗೂ ನಡುವೆ ಒಂದೇ ಬಾಗಿಲು. ಅಕ್ಕಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅಂದು ನನ್ನ ಟ್ರಾಲಿ ಬ್ಯಾಗ್ ಕೂತಿತ್ತು. ಕೆಂಪು ಅಂಕಿ ಇಪ್ಪತ್ತೂವರೆ ಕೆ.ಜಿ. ತೋರಿಸುತ್ತಿತ್ತು. ನಾನು ಹೋಗುತ್ತಿದ್ದದ್ದು ಎರಡೇ ದಿನಕ್ಕೆ!

ನಾನು ಬಿ.ಇ. ಸಿವಿಲ್ ಮೂರನೇ ವರ್ಷದ ವಿದ್ಯಾರ್ಥಿನಿ. ಚೆನ್ನೈನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಕಾನ್ಫರೆನ್ಸ್ ಇತ್ತು. ನಾನೂ ನನ್ನ ಗೆಳತಿಯೂ ಸೇರಿ ಬರೆದ ಪೇಪರ್ ಅಲ್ಲಿಗೆ ಆಯ್ಕೆಯಾಗಿತ್ತು. ವಿಷಯ ಸರಳ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಸುಡುತ್ತಾರೆ. ಉಳಿಯುವ ಬೂದಿಯಲ್ಲಿ ಸಿಲಿಕಾ ಹೇರಳ. ಅದನ್ನು ಸಿಮೆಂಟಿನಲ್ಲಿ ಒಂದಿಷ್ಟು ಬೆರೆಸಿದರೆ ಗಾರೆಯ ಬಲ ಏನಾಗುತ್ತದೆ ಎಂದು ನೋಡಿದ್ದೆವು. ಮಂಡ್ಯ ಕಡೆಯಿಂದ ಬೂದಿ ತಂದು, ಜರಡಿ ಹಿಡಿದು, ಅಚ್ಚಿಗೆ ಹಾಕಿ, 28 ದಿನ ನೀರಿನಲ್ಲಿಟ್ಟು ಪರೀಕ್ಷೆ ಮಾಡಿದ್ದೆವು. ಯಂತ್ರದಲ್ಲಿ ಒಡೆಯದೆ ಎರಡು ಕ್ಯೂಬ್ ಉಳಿಸಿಕೊಂಡಿದ್ದೆವು. ಒಂದು ಬರೀ ಸಿಮೆಂಟಿನದು, ಇನ್ನೊಂದು ಶೇ 10ರಷ್ಟು ಬೂದಿ ಬೆರೆಸಿದ್ದು. 70.6 ಮಿ.ಮೀ. ಅಳತೆಯ ಗಾರೆ ಕ್ಯೂಬು, ಅಂಗೈ ಮೇಲೆ ಕೂರುತ್ತದೆ. ಒಂದೊಂದು ಮುಕ್ಕಾಲು ಕೆ.ಜಿ. ಇರಬಹುದು.

ಅಪ್ಪ ‘ಕಲ್ಲು’ ಎಂದದ್ದು ಅವಕ್ಕೇ.

‘ಫೋಟೊ ಇದೆ ತಾನೆ?’ ಎಂದು ಅಮ್ಮನೂ ದನಿಗೂಡಿಸಿದರು. ಹೌದು, ಪಿಪಿಟಿಯಲ್ಲಿ ಫೋಟೊ ಇತ್ತು. ನನಗೂ ಸರಿ ಅನ್ನಿಸಿತು. ಎರಡು ಕ್ಯೂಬುಗಳನ್ನೂ ಹೊರಗೆ ತೆಗೆದಿಟ್ಟೆ. ತಕ್ಕಡಿ ಹತ್ತೊಂಬತ್ತಕ್ಕೆ ಇಳಿಯಿತು. ಎಲ್ಲರಿಗೂ ಸಮಾಧಾನವಾಯಿತು.

ಆ ಹತ್ತೊಂಬತ್ತು ಕೆ.ಜಿ.ಯೊಳಗೆ ಏನಿತ್ತು ಗೊತ್ತೆ? ಪಕ್ಕದ ಮನೆಯವರು ಮಗನನ್ನು ನೋಡಲು ಅಮೆರಿಕಕ್ಕೆ ಹೋಗುವಾಗ ಕೊಂಡಿದ್ದ ದೊಡ್ಡ ಟ್ರಾಲಿ ಬ್ಯಾಗ್, ಖಾಲಿಯಿದ್ದಾಗಲೇ ನಾಲ್ಕೂವರೆ ಕೆ.ಜಿ. ಐದು ಜೊತೆ ಬಟ್ಟೆ, ಚಿಕ್ಕಮ್ಮನ ಮಗಳಿಂದ ಎರವಲು ತಂದ ಬ್ಲೇಜರ್ ಸೇರಿ ನಾಲ್ಕು. ಯಾರಾದರೂ ಪ್ರಶ್ನೆ ಕೇಳಿದರೆ ಇರಲಿ ಎಂದು ಮೂರು ಪಠ್ಯಪುಸ್ತಕ, ಮೂರು ಕೆ.ಜಿ. ಲ್ಯಾಪ್‌ಟಾಪು, ಚಾರ್ಜರು ಎರಡೂವರೆ. ಅಮ್ಮನ ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಮೈಸೂರ್‌ಪಾಕ್ ಡಬ್ಬಿ ಎರಡೂವರೆ. ಇನ್ನೊಂದು ಜೊತೆ ಚಪ್ಪಲಿ, ಬೂಟು ಒಂದು. ಹೊದಿಕೆ, ಟವೆಲು, ಕೊಡೆ ಒಂದೂವರೆ. ಕೂಡಿಸಿ ನೋಡಿ, ಸರಿಯಾಗಿ ಹತ್ತೊಂಬತ್ತು.

ನಮ್ಮ ಸಿವಿಲ್ ಪಾಠದಲ್ಲಿ ಡೆಡ್ ಲೋಡ್, ಲೈವ್ ಲೋಡ್ ಎಂದು ಬರುತ್ತದೆ. ಕಟ್ಟಡ ತನ್ನದೇ ಮೈಭಾರ ಹೊರುವುದು ಡೆಡ್ ಲೋಡ್. ಜನ, ಸಾಮಾನು ಬಂದು ಸೇರುವುದು ಲೈವ್ ಲೋಡ್. ನನ್ನ ಬ್ಯಾಗಿನಲ್ಲಿ ಡೆಡ್ ಲೋಡೇ ಹೆಚ್ಚುಕಡಿಮೆ ಕಾಲು ಭಾಗ ಇತ್ತು. ಆದರೆ ಪರೀಕ್ಷೆಯಲ್ಲಿ ಲೆಕ್ಕ ಮಾಡಿ ಬರೆಯುವವರಿಗೆ ಮನೆಯಲ್ಲಿ ಬ್ಯಾಗ್ ತುಂಬುವಾಗ ಅದೆಲ್ಲ ಎಲ್ಲಿ ನೆನಪಾಗುತ್ತದೆ?

ಐದು ಜೊತೆ ಬಟ್ಟೆ ಯಾಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಇಂಗ್ಲಿಷಿನಲ್ಲಿ ಬರೆಯುತ್ತೇನೆ, ವೇದಿಕೆ ಮೇಲೆ ಮಾತು ತಡವರಿಸುತ್ತದೆ. ಬೇರೆ ರಾಜ್ಯದವರ ಮುಂದೆ ಮಾತು ಕೈಕೊಟ್ಟರೆ ಬಟ್ಟೆಯಾದರೂ ಮರ್ಯಾದೆ ಉಳಿಸಲಿ ಎಂದುಕೊಂಡಿದ್ದೆ. ಬೆಳಗ್ಗೆಗೊಂದು, ಸಂಜೆಗೊಂದು, ಗುಂಪು ಫೋಟೊಗೊಂದು. ಪುಸ್ತಕಗಳದ್ದೂ ಅದೇ ಕಥೆ. ವೇದಿಕೆಯ ಮೇಲೆ ನಿಂತು ಪುಸ್ತಕ ತೆಗೆದು ಉತ್ತರ ಹುಡುಕಲು ಯಾರೂ ಬಿಡುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಮೈಸೂರು ರೈಲು ನಿಲ್ದಾಣದಲ್ಲಿ ಕಾವೇರಿ ಎಕ್ಸ್‌ಪ್ರೆಸ್ ನಿಂತಿತ್ತು. ರಾಯಚೂರಿನ ನನ್ನ ಗೆಳತಿ ಹಾಸ್ಟೆಲಿನಿಂದ ಬಂದವಳು ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಕೈಬೀಸುತ್ತಾ ನಿಂತಿದ್ದಳು. ನನ್ನನ್ನು ನೋಡಿದವಳೇ, ‘ಏನಲೇ, ಮನಿ ಖಾಲಿ ಮಾಡ್ಕೊಂಡು ಹೊಂಟೀಯೇನು?’ ಎಂದು ನಕ್ಕಳು. ಸ್ಲೀಪರ್ ಬೋಗಿಯ ಸೀಟಿನ ಕೆಳಗೆ ಬ್ಯಾಗ್ ತೂರಿಸಲು ಎದುರಿನ ಅಜ್ಜ ಕೂಡ ಕೈಹಾಕಬೇಕಾಯಿತು.

ಮಂಡ್ಯ ದಾಟಿದ ಮೇಲೆ ನಿಪ್ಪಟ್ಟು ಮುರಿಯುತ್ತಾ ಅವಳು ಕೇಳಿದಳು: ‘ಕ್ಯೂಬ್ ಯಾವುದ್ರಾಗ ಇಟ್ಟೀದಿ? ಮೂಲಿ ಒಡೀಬಾರದು ನೋಡು.’

ನಾನು ತಂದಿಲ್ಲ ಎಂದೆ. ಭಾರ ಆಗುತ್ತಿತ್ತು ಎಂದೂ ಸೇರಿಸಿದೆ.

ಅವಳು ಒಮ್ಮೆ ಸೀಟಿನ ಕೆಳಗೆ ನೋಡಿದಳು. ಏನೂ ಅನ್ನಲಿಲ್ಲ. ನಿಪ್ಪಟ್ಟು ಕಾಗದದಲ್ಲಿ ಸುತ್ತಿಟ್ಟು ಮೇಲಿನ ಬರ್ತ್ ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು. ಆ ಬೂದಿಯನ್ನು ಜರಡಿ ಹಿಡಿದು ಮೂಗು, ಕಣ್ಣೆಲ್ಲ ಕಪ್ಪು ಮಾಡಿಕೊಂಡವಳು ಅವಳು. ಭಾನುವಾರವೂ ಲ್ಯಾಬಿಗೆ ಹೋಗಿ ತೊಟ್ಟಿಯ ನೀರು ನೋಡಿ ಬಂದವಳೂ ಅವಳೇ. ನನ್ನ ಮನೆ ಊರಲ್ಲೇ ಇದೆ, ಕಳೆಯದೆ ಭದ್ರವಾಗಿರುತ್ತದೆ ಎಂದು ಕ್ಯೂಬುಗಳನ್ನು ನನ್ನ ಕೈಗೆ ಕೊಟ್ಟಿದ್ದಳು.

ಬೆಳಗ್ಗೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆವು. ಲೋಕಲ್ ರೈಲು ಹಿಡಿಯಲು ಎದುರಿನ ಪಾರ್ಕ್ ಸ್ಟೇಷನ್ನಿಗೆ ಹೋಗಬೇಕು. ಟ್ರಾಲಿ ಬ್ಯಾಗಿನ ಚಕ್ರದ ಬಣ್ಣ ಬಯಲಾಗುವುದು ಮೆಟ್ಟಿಲಿನ ಮುಂದೆ. ಸಮತಟ್ಟು ನೆಲದಲ್ಲಿ ಅದು ಹೂವಿನಂತೆ ಉರುಳುತ್ತದೆ, ಮೆಟ್ಟಿಲು ಬಂತೋ, ಅಷ್ಟೂ ಭಾರ ಒಂದೇ ಕೈಗೆ. ಸುರಂಗ ದಾರಿಯ ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಬೆವರಿಗೆ ಬಟ್ಟೆ ಒದ್ದೆ. ಆ ಸೆಕೆಯಲ್ಲಿ ಬ್ಲೇಜರ್ ತೊಡುವ ಮಾತೇ ಇಲ್ಲ. ಹೋದ ಹಾಗೇ ವಾಪಸ್ ಬಂತು ಅದು.

ನಮ್ಮ ಸರದಿ ಬಂತು. ಪಿಪಿಟಿ ಚೆನ್ನಾಗಿಯೇ ಹೋಯಿತು. ನಾನು ಎರಡು ಕಡೆ ತಡವರಿಸಿದೆ, ಯಾರೂ ನಗಲಿಲ್ಲ. ಕೊನೆಗೆ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, ‘ಸ್ಯಾಂಪಲ್ ತಂದಿದ್ದೀರಾ? ಕೈಯಲ್ಲಿ ಹಿಡಿದು ನೋಡಬೇಕಿತ್ತು’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬೂದಿ ಬೆರೆಸಿದ ಕ್ಯೂಬಿನ ಮೈಯಲ್ಲಿ ಎಷ್ಟು ರಂಧ್ರ ಇವೆ, ಬಣ್ಣ ಎಷ್ಟು ಕಪ್ಪಾಗಿದೆ ಎಂದು ನೋಡುವ ಆಸೆ ಅವರಿಗೆ. ನಾನು ಫೋಟೊ ಇರುವ ಸ್ಲೈಡಿಗೆ ಹಿಂದೆ ಹೋದೆ. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ‘ಮುಂದಿನ ಸಲ ತನ್ನಿ’ ಎಂದರು. ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಕ್ಯೂಬ್ ಇದ್ದಿದ್ದರೆ ನಮಗೇ ಬರುತ್ತಿತ್ತು ಎಂದು ಹೇಳಲಾರೆ. ಆದರೆ ಆ ಹಿರಿಯರು ಅದನ್ನು ಕೈಯಲ್ಲಿ ತಿರುಗಿಸಿ ನೋಡುವುದನ್ನು ನನ್ನ ಗೆಳತಿ ನೋಡಬೇಕಿತ್ತು. ಅದನ್ನು ಅವಳಿಂದ ಕಿತ್ತುಕೊಂಡದ್ದು ಮೂರು ಪುಸ್ತಕ, ಒಂದು ಬ್ಲೇಜರ್. ಮಡಿಕೆ ಬಿಚ್ಚದ ಮೂರು ಜೊತೆ ಬಟ್ಟೆಯೂ ಮನೆಗೆ ವಾಪಸ್ ಬಂತು.

ಇದಾದ ಮೇಲೆ ಜನವರಿ 12ರ ರಾಷ್ಟ್ರೀಯ ಯುವ ದಿನಕ್ಕೆ ಕಾಲೇಜಿನಲ್ಲಿ ಐದು ನಿಮಿಷ ಮಾತನಾಡುವಂತೆ ಹೇಳಿದರು. ಭಾಷಣಕ್ಕೆಂದು ಸ್ವಾಮಿ ವಿವೇಕಾನಂದರ ಜೀವನಚರಿತ್ರೆ, ಪತ್ರಗಳನ್ನು ತಿರುವಿಹಾಕುತ್ತಿದ್ದೆ. ದೊಡ್ಡ ದೊಡ್ಡ ಮಾತು ಹುಡುಕಲು ಹೋದವಳಿಗೆ ಸಿಕ್ಕಿದ್ದು ಲಗೇಜಿನ ಕಥೆ!

ಅವರು ಮೈಸೂರಿಗೆ ಬಂದದ್ದು 1892ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಅತಿಥಿಯಾಗಿದ್ದರು, ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರ ವಿಶ್ವಾಸ ಗಳಿಸಿದರು. ಹೊರಡುವಾಗ ದಿವಾನರು ಹಣ ಕೊಡಲು ಹೋದರೂ ತೆಗೆದುಕೊಳ್ಳದೆ, ಕೊಚ್ಚಿಯ ಕಡೆಗೆ ಒಂದು ರೈಲು ಟಿಕೆಟ್ ಮತ್ತು ಒಂದು ಪರಿಚಯ ಪತ್ರ ಸಾಕೆಂದರು ಎಂದು ಜೀವನಚರಿತ್ರೆ ಹೇಳುತ್ತದೆ. ದಂಡ, ಕಮಂಡಲು, ಒಂದೆರಡು ಪುಸ್ತಕ ಅಷ್ಟೇ ಅವರ ಆಸ್ತಿ. ಅದೇ ಮನುಷ್ಯ 1893ರ ಮೇ 31ರಂದು ಬೊಂಬಾಯಿಯಲ್ಲಿ ಅಮೆರಿಕಕ್ಕೆ ಹಡಗು ಹತ್ತುವಾಗ ಪೆಟ್ಟಿಗೆಗಳ ಒಡೆಯ. ಅಷ್ಟೊಂದು ಸಾಮಾನು ಕಾಯುವುದೇ ಅವರಿಗೊಂದು ಪೀಕಲಾಟವಾಯಿತಂತೆ. ಅಷ್ಟೆಲ್ಲ ಹೊತ್ತರೂ ಅಲ್ಲಿನ ಚಳಿಗೆ ಬೇಕಾದ ಬೆಚ್ಚನೆ ಬಟ್ಟೆ ಅದರಲ್ಲಿರಲಿಲ್ಲ. ಆಗಸ್ಟ್ 20ರ ಪತ್ರದಲ್ಲಿ ಚಳಿಯ ಕಷ್ಟ ಬರೆದಿದ್ದಾರೆ. ಬೀದಿಯಲ್ಲಿ ತಮ್ಮ ವೇಷ ನೋಡಲು ಜನ ಸೇರುವುದರಿಂದ ಓಡಾಟಕ್ಕೆ ಉದ್ದನೆಯ ಕಪ್ಪು ಕೋಟು, ಭಾಷಣಕ್ಕೆ ಮಾತ್ರ ಕೆಂಪು ನಿಲುವಂಗಿ ಮತ್ತು ಪೇಟ ಎಂದು ಲೆಕ್ಕ ಹಾಕಿಕೊಂಡಿದ್ದಾರೆ. ಎಷ್ಟು ಸ್ಪಷ್ಟ ನೋಡಿ: ಬೀದಿಗೊಂದು, ವೇದಿಕೆಗೊಂದು. ಐದು ಜೊತೆ ಬೇಕಾಗಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಸೆಪ್ಟೆಂಬರ್‌ನಲ್ಲಿ ಸಮ್ಮೇಳನಕ್ಕೆಂದು ಷಿಕಾಗೊಗೆ ಮರಳಿದಾಗ, ಹೋಗಬೇಕಾದ ಕಚೇರಿಯ ವಿಳಾಸ ಬರೆದಿದ್ದ ಚೀಟಿಯೇ ಕಳೆದುಹೋಗಿತ್ತು. ಆ ರಾತ್ರಿ ರೈಲ್ವೆ ಯಾರ್ಡಿನಲ್ಲಿ ಒಂದು ಖಾಲಿ ಪೆಟ್ಟಿಗೆಯೊಳಗೆ ಮಲಗಿದರು. ಮರುದಿನ ಊರಿನ ಮಹಿಳೆಯೊಬ್ಬರು ಕರೆದು ಊಟ ಕೊಟ್ಟು ದಾರಿ ತೋರಿಸಿದರು. ಸೆಪ್ಟೆಂಬರ್ 11ರ ಭಾಷಣ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ ಈ ಚೀಟಿಯ ಕಥೆ ನನಗೆ ಗೊತ್ತಿರಲಿಲ್ಲ. ಅವರೆಲ್ಲಿ, ನಾನೆಲ್ಲಿ! ಆದರೂ ಓದಿದಾಗ ಸ್ವಲ್ಪ ಸಮಾಧಾನವಾಯಿತು ಎನ್ನುವುದು ಸುಳ್ಳಲ್ಲ. ತೂಕದಲ್ಲಿ ಏನೂ ಅಲ್ಲದ ಚೀಟಿ ಅವರ ಕೈತಪ್ಪಿತ್ತು. ಹತ್ತೊಂಬತ್ತು ಕೆ.ಜಿ. ಹೊತ್ತವಳು ನಾನು ಬಿಟ್ಟದ್ದು ಒಂದೂವರೆ ಕೆ.ಜಿ.

ನನ್ನಂತೆ ಮೊದಲ ಸಲ ಕಾನ್ಫರೆನ್ಸಿಗೋ, ಇಂಟರ್‌ವ್ಯೂಗೋ ಹೊರಡುವವರಿಗೆ ಕಲಿತದ್ದನ್ನು ಹೇಳುತ್ತೇನೆ. ರೈಲಿನ ಸ್ಲೀಪರ್ ಮತ್ತು ತೃತೀಯ ಎ.ಸಿ.ಯಲ್ಲಿ ಒಬ್ಬರಿಗೆ 40 ಕೆ.ಜಿ.ವರೆಗೆ ಉಚಿತ, ದ್ವಿತೀಯ ದರ್ಜೆಯಲ್ಲಿ 35. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಪ್ಪಿಸುವ ಬ್ಯಾಗಿಗೆ 15, ಕೈಯಲ್ಲಿ ಒಯ್ಯುವುದಕ್ಕೆ 7. ಪವರ್‌ಬ್ಯಾಂಕ್ ಒಪ್ಪಿಸುವ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಆದರೆ 40 ಕೆ.ಜಿ. ಬಿಡುವ ರೈಲ್ವೆ ನಿಯಮ ನಿಮ್ಮ ಬ್ಯಾಗನ್ನು ಮೆಟ್ಟಿಲು ಹತ್ತಿಸುವುದಿಲ್ಲ. ತುಂಬಿದ ಬ್ಯಾಗನ್ನು ಎತ್ತಿಕೊಂಡು ಮನೆಯ ಮಹಡಿ ಒಮ್ಮೆ ಹತ್ತಿಳಿಯಿರಿ. ಅದೇ ನಿಜವಾದ ತಕ್ಕಡಿ.

ಇನ್ನು ಸಿವಿಲ್‌ನವರ ಲೆಕ್ಕ. ಕಾಂಕ್ರೀಟ್ ವಿನ್ಯಾಸಕ್ಕೆ ನಾವು ಬಳಸುವ ಐ.ಎಸ್. 456ರಲ್ಲಿ ಡೆಡ್ ಲೋಡ್, ಲೈವ್ ಲೋಡ್ ಎರಡನ್ನೂ ಒಂದೂವರೆಪಟ್ಟು ಹಿಡಿಯುತ್ತಾರೆ. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂಬ ಅಂತರ ಅದು. ಅದು ಒಂದೂವರೆ, ಐದಲ್ಲ. ಎರಡು ದಿನಕ್ಕೆ ಮೂರು ಜೊತೆ, ಹಾಕಿಕೊಂಡು ಹೊರಡುವುದೂ ಸೇರಿ. ಮತ್ತು ಬ್ಯಾಗಿಗೆ ಮೊದಲು ಹೋಗಬೇಕಾದ್ದು ಯಾವ ಕೆಲಸಕ್ಕೆ ಹೊರಟಿದ್ದೀರೋ ಅದರ ಸಾಮಾನು: ಸ್ಯಾಂಪಲ್ಲೋ, ಸರ್ಟಿಫಿಕೇಟೋ, ಗುರುತಿನ ಚೀಟಿಯೋ, ಪೆನ್‌ಡ್ರೈವೋ. ಬಟ್ಟೆ ಉಳಿದ ಜಾಗಕ್ಕೆ. ನಾನು ಮಾಡಿದ್ದು ಇದರ ತದ್ವಿರುದ್ಧ.

ಇವತ್ತು ರಾತ್ರಿ ಹುಬ್ಬಳ್ಳಿಗೆ ರೈಲು. ಅಲ್ಲಿ ಇನ್ನೊಂದು ಕಾನ್ಫರೆನ್ಸ್, ಅದೇ ಪೇಪರ್, ಇನ್ನಷ್ಟು ಪರೀಕ್ಷೆ ಮಾಡಿ ತಿದ್ದಿದ್ದು. ಈ ಸಲ ಮಂಚದ ಮೇಲಿರುವುದು ಕಾಲೇಜಿಗೆ ದಿನಾ ಒಯ್ಯುವ ಬ್ಯಾಗ್. ಪಠ್ಯಪುಸ್ತಕ ಇಲ್ಲ. ಪ್ರಶ್ನೆ ಬಂದರೆ ಲ್ಯಾಬಿನಲ್ಲಿ ಮಾಡಿದ್ದನ್ನು ಹೇಳುತ್ತೇನೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತೇನೆ. ತಡವರಿಸಿದರೆ ತಡವರಿಸಲಿ.

ಅಪ್ಪ ಅಂಗಡಿಯಿಂದ ಹಳೇ ಪೇಪರು, ದಾರ ತಂದರು. ಎರಡೂ ಕ್ಯೂಬುಗಳನ್ನು ಅಚ್ಚುಬೆಲ್ಲ ಕಟ್ಟುವ ಹಾಗೆ ಸುತ್ತಿ, ಬಿಗಿದು, ತಾವೇ ಬ್ಯಾಗಿನ ತಳಕ್ಕೆ ಇಟ್ಟರು. ‘ಕಲ್ಲು ಅಂದಿದ್ದೆ ಅಲ್ವಾ ಆವತ್ತು...’ ಎಂದು ಮಾತು ನಿಲ್ಲಿಸಿದರು. ನಾನೇನೂ ಹೇಳಲಿಲ್ಲ. ಹೊರಗೆ ತೆಗೆದಿಟ್ಟವಳು ನಾನೇ ತಾನೆ?

ತಕ್ಕಡಿ ಏಳೂವರೆ ತೋರಿಸಿತು. ನೋಡಿದ್ದೇ ತಡ, ಅಮ್ಮ ಇನ್ನೊಂದು ಪೊಟ್ಟಣ ಚಟ್ನಿಪುಡಿ ತುರುಕಿದರು. ‘ಆ ಹುಡುಗಿಗೆ ಹಾಸ್ಟೆಲ್ ಊಟ, ಪಾಪ’ ಎಂದರು. ಅದನ್ನು ಹೊರಗೆ ತೆಗೆಯುವ ಧೈರ್ಯ ಯಾವ ಎಂಜಿನಿಯರಿಗೂ ಇಲ್ಲ.

ಅಷ್ಟರಲ್ಲಿ ಫೋನಿಗೆ ಅವಳ ಮೆಸೇಜು ಬಂತು. ಒಂದೇ ಪದ: ‘ಕ್ಯೂಬ್?’

ಬ್ಯಾಗಿನ ತಳದ ಫೋಟೊ ತೆಗೆದು ಕಳಿಸಿದೆ.